ಕೊಡಗಿನಲ್ಲಿ ಕಲ್ಲು ಆಯುವ ಮತ್ತು ಕಲ್ಲಿಗೆ ಹೊಳಪು ಕೊಡುವ ಹವ್ಯಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ತೋಟದ ಚರಂಡಿಯಲ್ಲಿ ಸಿಕ್ಕ ಬಿಳಿಯ ಬೆಣಚುಕಲ್ಲನ್ನು ಜೇಬಿಗೆ ಹಾಕಿಕೊಂಡು ಮನೆಗೆ ತಂದವರು ಕೊಡಗಿನಲ್ಲಿ ಬಹಳ ಮಂದಿ ಇದ್ದಾರೆ. ಅದು ಯಾವ ಕಲ್ಲು, ಅದನ್ನು ತರಬಹುದಿತ್ತೇ, ಅದಕ್ಕೆ ಹೊಳಪು ಬರಿಸುವುದು ಹೇಗೆ ಎಂದು ಅವರು ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಈ ಹವ್ಯಾಸದಲ್ಲಿ ಮಾಡುವುದಾದರೂ ಏನು?

ಇದರಲ್ಲಿ ಎರಡು ಕೆಲಸಗಳಿವೆ. ಮೊದಲನೆಯದು, ನೆಲದ ಮೇಲೆ ಸಹಜವಾಗಿ ಸಿಗುವ ಕಲ್ಲುಗಳನ್ನು ನೋಡಿ, ಗುರುತಿಸಿ, ತರಲು ಅವಕಾಶವಿರುವ ಕಡೆಯಿಂದ ಕೆಲವನ್ನು ಆಯ್ದು ತರುವುದು. ಎರಡನೆಯದು, ಹಾಗೆ ತಂದ ಕಲ್ಲುಗಳನ್ನು ನೀರು ಮತ್ತು ಸಾಣೆಪುಡಿಯೊಂದಿಗೆ ಒಂದು ಮುಚ್ಚಿದ ಡಬ್ಬಿಯಲ್ಲಿ ಹಾಕಿ, ವಾರಗಟ್ಟಲೆ ಉರುಳಿಸಿ, ನುಣುಪು ಮತ್ತು ಹೊಳಪು ಬರಿಸುವುದು. ಹಾಗೆ ಉರುಳಿಸುವ ಯಂತ್ರಕ್ಕೆ ಟಂಬ್ಲರ್ ಎನ್ನುತ್ತಾರೆ.

ಬೆಟ್ಟದಿಂದ ಬಿದ್ದ ಕಲ್ಲು ಹೊಳೆಯಲ್ಲಿ ಉರುಳುತ್ತ, ಒಂದಕ್ಕೊಂದು ತಾಗುತ್ತ, ಮರಳಿನಲ್ಲಿ ಉಜ್ಜಿಕೊಳ್ಳುತ್ತ ಉರುಟಾಗುವ ಕ್ರಿಯೆಯನ್ನೇ ಟಂಬ್ಲರ್ ಒಂದು ತಿಂಗಳಿಗೆ ಇಳಿಸುತ್ತದೆ. ಈ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. ಗುಜರಾತಿನ ಖಂಭಾತ್‌ನಲ್ಲಿ ಅಗೇಟ್ ಎಂಬ ಪಟ್ಟೆಗಲ್ಲಿನ ಮಣಿ ಮಾಡುವವರು ಮಣಿಗಳನ್ನು ನೀರು ಮತ್ತು ಕಲ್ಲಿನ ಪುಡಿಯೊಂದಿಗೆ ಚರ್ಮದ ಚೀಲದಲ್ಲಿ ತುಂಬಿ, ಇಬ್ಬರು ಎದುರುಬದುರು ಕುಳಿತು, ದಿನಗಟ್ಟಲೆ ಅತ್ತಿಂದಿತ್ತ ಎಳೆದಾಡಿ ಹೊಳಪು ಬರಿಸುತ್ತಿದ್ದರು. ಮೋಟರು ಬಂದು ಅವರ ತೋಳಿನ ಜಾಗವನ್ನು ತೆಗೆದುಕೊಂಡಿತು. ಉಳಿದ ಕ್ರಮ ಅಂದಿನದೇ.

ಕೊಡಗಿನಲ್ಲಿ ಯಾವ ಯಾವ ಕಲ್ಲುಗಳು ಸಿಗುತ್ತವೆ?

ಕೊಡಗಿನ ತಳದ ಬಂಡೆಗಳು ಬಹಳ ಹಳೆಯವು. ಅವುಗಳಲ್ಲಿ ಹಲವಕ್ಕೆ 300 ಕೋಟಿ ವರ್ಷಗಳಿಗೂ ಹೆಚ್ಚಿನ ವಯಸ್ಸಿದೆ. ಭೂಮಿಯ ಆಳದಲ್ಲಿ ವಿಪರೀತ ಕಾವು ಮತ್ತು ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿಕೊಂಡ ಇಂಥ ಬಂಡೆಗಳನ್ನು ರೂಪಾಂತರಿತ ಶಿಲೆಗಳೆಂದು ಕರೆಯುತ್ತಾರೆ. ನಮ್ಮಲ್ಲಿ ಕಣ್ಣಿಗೆ ಹೆಚ್ಚು ಬೀಳುವುದು ನೈಸ್ ಮತ್ತು ಚಾರ್ನೊಕೈಟ್. ಬಿಳಿ ಮತ್ತು ಕಪ್ಪು ಪಟ್ಟೆಗಳು ಸೀರೆಯ ಮಡಿಕೆಯ ಹಾಗೆ ಅಲೆಅಲೆಯಾಗಿ ಹರಿದಿರುವ ಕಲ್ಲು ಕಂಡರೆ ಅದು ಬಹುಮಟ್ಟಿಗೆ ನೈಸ್. ಚಾರ್ನೊಕೈಟ್ ಹೊರಗಿನಿಂದ ಮಾಸಲು ಬೂದು ಬಣ್ಣದ ಸಾಮಾನ್ಯ ಕಲ್ಲಿನಂತೆ ಕಾಣುತ್ತದೆ, ಆದರೆ ಅದನ್ನು ಒಡೆದಾಗ ಒಳಗಿನ ಹೊಸ ಮುಖ ಕಡುಹಸಿರು ಛಾಯೆಯ ಕಪ್ಪಾಗಿದ್ದು, ಎಣ್ಣೆ ಸವರಿದಂತೆ ಜಿಡ್ಡು ಜಿಡ್ಡಾಗಿ ಹೊಳೆಯುತ್ತದೆ. ಈ ಕಲ್ಲಿಗೆ ಹೆಸರು ಬಂದದ್ದು ಒಂದು ಸಮಾಧಿಯಿಂದ. ಕೋಲ್ಕತ್ತದಲ್ಲಿರುವ ಜಾಬ್ ಚಾರ್ನೊಕ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯ ಗೋರಿಗಲ್ಲು ಇದೇ ಜಾತಿಯದೆಂದು ಗುರುತಿಸಿ, ಭೂವಿಜ್ಞಾನಿ ಥಾಮಸ್ ಹಾಲೆಂಡ್ 1893ರಲ್ಲಿ ಆ ಹೆಸರಿಟ್ಟರು.

ಆಯುವವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಈ ಬಂಡೆಗಳ ಬಿರುಕುಗಳಲ್ಲಿ ತುಂಬಿಕೊಂಡಿರುವ ಬೆಣಚುಕಲ್ಲು, ಅಂದರೆ ಕ್ವಾರ್ಟ್ಜ್. ಬಂಡೆ ಸವೆದು ಮಣ್ಣಾದರೂ ಬೆಣಚು ಸವೆಯದೆ ಉಳಿಯುವುದರಿಂದ ಕಾಫಿ ತೋಟದ ಕೆಂಪು ಮಣ್ಣಿನಲ್ಲಿ, ಮಳೆನೀರು ಇಂಗಲೆಂದು ಗಿಡಗಳ ನಡುವೆ ತೊಟ್ಟಿಲು ಗುಂಡಿ ತೆಗೆಯುವಾಗ, ಬಾವಿ ತೋಡುವಾಗ ಅದು ಸಿಗುತ್ತಲೇ ಇರುತ್ತದೆ. ಹಾಲುಬಿಳಿ ಬಣ್ಣದ್ದು ಸಾಮಾನ್ಯ. ಕಬ್ಬಿಣದ ಅಂಶ ಸೇರಿ ಜೇನಿನ ಬಣ್ಣಕ್ಕೆ ತಿರುಗಿದ್ದು, ಹೊಗೆಯಾಡಿದಂತೆ ಮಬ್ಬಾಗಿದ್ದು ಅಪರೂಪಕ್ಕೆ ಸಿಗುತ್ತದೆ. ಇದರ ಜೊತೆಗೆ ನಸುಗೆಂಪು ಅಥವಾ ಬೂದುಬಿಳುಪಿನ ಫೆಲ್ಡ್‌ಸ್ಪಾರ್, ಪದರ ಪದರವಾಗಿ ಏಳುವ ಕಾಗೆಬಂಗಾರ, ನೈಸ್ ಕಲ್ಲಿನಲ್ಲಿ ದಾಳಿಂಬೆ ಬೀಜ ಹುದುಗಿಸಿದ ಹಾಗೆ ಕಾಣುವ ಕೆಂಪು ಗಾರ್ನೆಟ್ ಕಾಳುಗಳು, ಕಪ್ಪು ಹಾರ್ನ್‌ಬ್ಲೆಂಡ್ ಇವೆ.

ಇವೆಲ್ಲದರ ಮೇಲೆ ಹೊದಿಕೆಯಂತೆ ಹಲವು ಕಡೆ ಹರಡಿಕೊಂಡಿರುವುದು ಮುರಕಲ್ಲು, ಅಂದರೆ ಜಂಬಿಟ್ಟಿಗೆ. ಭಾರಿ ಮಳೆ ಮತ್ತು ಬಿಸಿಲಿಗೆ ಬಂಡೆಯ ಇತರ ಅಂಶಗಳು ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದಾಗ ಅದು ಆಗುತ್ತದೆ. ಮನೆ ಕಟ್ಟಲು ಅದು ಬಹಳ ಒಳ್ಳೆಯದು. ಟಂಬ್ಲರಿಗೆ ಹಾಕಿದರೆ ಎರಡು ದಿನದಲ್ಲಿ ಕೆಂಪು ರಾಡಿಯಾಗಿ ಉಳಿದ ಕಲ್ಲುಗಳನ್ನೂ ಕೆಡಿಸುತ್ತದೆ.

ಅಗೇಟ್ ಇಲ್ಲಿ ಸಿಗುವುದಿಲ್ಲವೇ? ಪಳೆಯುಳಿಕೆಗಳು?

ಪಟ್ಟೆ ಪಟ್ಟೆಯ ಅಗೇಟ್ ಹೆಚ್ಚಾಗಿ ಸಿಗುವುದು ಲಾವಾ ಹರಿದು ಹೆಪ್ಪುಗಟ್ಟಿದ ಕಲ್ಲಿನ ಗುಳ್ಳೆಗಳಲ್ಲಿ. ಅಂಥ ದಖ್ಖನ್ ಲಾವಾ ಶಿಲೆಗಳು ನಮ್ಮ ರಾಜ್ಯದಲ್ಲಿ ಇರುವುದು ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆ. ಕೊಡಗಿನಲ್ಲಿ ಅವು ಇಲ್ಲ. ಟಂಬ್ಲರ್ ಮಾರುವವರು ತೋರಿಸುವ ಬಣ್ಣಬಣ್ಣದ ಚಿತ್ರಗಳಂತೆ ನಮ್ಮ ಹೊಳೆಯ ಕಲ್ಲು ಹೊರಬರುತ್ತದೆಂದು ನಿರೀಕ್ಷಿಸುವುದು ಬೇಡ. ಪಳೆಯುಳಿಕೆಗಳೂ ನಮ್ಮ ಬಂಡೆಗಳಲ್ಲಿ ಸಿಗುವುದಿಲ್ಲ. ಚಿಪ್ಪು, ಮೂಳೆ ಇರುವ ಜೀವಿಗಳು ಭೂಮಿಗೆ ಬರುವುದಕ್ಕಿಂತ ಎಷ್ಟೋ ಮೊದಲೇ ಈ ಬಂಡೆಗಳು ಆಗಿಹೋಗಿದ್ದವು. ಕೆಲವರು ಹೊಳೆಯ ಉರುಟು ಕಲ್ಲನ್ನು ಸಾಲಿಗ್ರಾಮವೆಂದು ತಿಳಿದು ತರುತ್ತಾರೆ. ಸಾಲಿಗ್ರಾಮಗಳು ನೇಪಾಳದ ಗಂಡಕಿ ನದಿಯಲ್ಲಿ ಸಿಗುವ, ಅಮೊನೈಟ್ ಎಂಬ ಕಡಲಜೀವಿಯ ಪಳೆಯುಳಿಕೆ ಇರುವ ಕಲ್ಲುಗಳು.

ಎಲ್ಲಿ ಆಯಬಹುದು, ಎಲ್ಲಿ ಆಯಬಾರದು?

ಈ ಪ್ರಶ್ನೆಗೆ ಉತ್ತರ ಸರಿಯಾಗಿ ತಿಳಿಯದೆ ಯಾರೂ ಮನೆಯಿಂದ ಹೊರಡಬಾರದು. ಕೊಡಗಿನ ಬಹುದೊಡ್ಡ ಭಾಗ ಅರಣ್ಯ. ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಬ್ರಹ್ಮಗಿರಿ, ತಲಕಾವೇರಿ ಮತ್ತು ಪುಷ್ಪಗಿರಿ ವನ್ಯಜೀವಿಧಾಮಗಳು ಹಾಗೂ ಇವುಗಳ ಸುತ್ತಲಿನ ಮೀಸಲು ಅರಣ್ಯಗಳಿಂದ ಒಂದು ಕಲ್ಲನ್ನೂ ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಲ್ಲಿ ಅನ್ವಯಿಸುತ್ತದೆ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಕಾಡಿನಲ್ಲಿರುವ ಕಲ್ಲು ಮತ್ತು ಖನಿಜ ಕೂಡ ಮರ, ಜೇನುಗಳಂತೆಯೇ ಅರಣ್ಯ ಉತ್ಪನ್ನ. ತಡಿಯಂಡಮೋಳ್ ಅಥವಾ ಕುಮಾರ ಪರ್ವತಕ್ಕೆ ಚಾರಣ ಹೋದವರು ನೆನಪಿಗೆಂದು ಒಂದು ಕಲ್ಲು ಚೀಲಕ್ಕೆ ಹಾಕಿಕೊಳ್ಳುವುದೂ ಇದರಲ್ಲಿ ಸೇರುತ್ತದೆ. ಫೋಟೋ ತೆಗೆದು ಕಲ್ಲನ್ನು ಅಲ್ಲಿಯೇ ಇಟ್ಟು ಬನ್ನಿ.

ಪೈಸಾರಿ ಜಾಗ ಯಾರದೂ ಅಲ್ಲವೆಂದು ತಿಳಿಯುವುದು ತಪ್ಪು, ಅದು ಸರ್ಕಾರದ್ದು. ಹೊಳೆಯ ಪಾತ್ರವೂ ಹಾಗೆಯೇ. ಅಲ್ಲಿಂದ ಮರಳು, ಕಲ್ಲು ಸಾಗಿಸಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಬೇಕು. ದಡದಲ್ಲಿ ಕೂತು ಕಲ್ಲು ನೋಡುವುದಕ್ಕೆ ಅಡ್ಡಿಯಿಲ್ಲ, ಚೀಲ ತುಂಬಿಕೊಂಡು ಹೊರಟರೆ ಅದು ಬೇರೆ ಮಾತು.

ಹಾಗಾದರೆ ಉಳಿದದ್ದೇನು? ನಿಮ್ಮ ಸ್ವಂತ ತೋಟ, ಗದ್ದೆ, ಅಂಗಳ. ಪರಿಚಯದವರ ತೋಟವಾದರೆ ಮನೆಗೆ ಹೋಗಿ ಯಜಮಾನರನ್ನು ಕೇಳಿ ಒಪ್ಪಿಗೆ ಪಡೆಯಬೇಕು. ತೋಟದ ಕೆಲಸದವರು ತಲೆಯಾಡಿಸಿದರೆ ಅದು ಒಪ್ಪಿಗೆಯಲ್ಲ. ಮನೆಗೆ ಪಾಯ ತೆಗೆಯುವಾಗ, ಕೆರೆ ಹೂಳೆತ್ತುವಾಗ ಮೇಲೆ ಬಂದ ಕಲ್ಲುಗಳ ರಾಶಿಗಿಂತ ಒಳ್ಳೆಯ ಜಾಗ ನನಗೆ ಇಷ್ಟು ವರ್ಷಗಳಲ್ಲಿ ಸಿಕ್ಕಿಲ್ಲ. ಸ್ವಂತ ಜಾಗವಾದರೂ ಪರವಾನಗಿಯಿಲ್ಲದೆ ಖನಿಜಕ್ಕಾಗಿ ಅಗೆದು ಮಾರಲು ಕಾನೂನು ಬಿಡುವುದಿಲ್ಲ. ಈ ಹವ್ಯಾಸ ನೆಲದ ಮೇಲೆ ಕಂಡದ್ದನ್ನು ಎತ್ತಿಕೊಳ್ಳುವುದಕ್ಕೆ ಸೀಮಿತವಾಗಿರಬೇಕು. ಗ್ರಾನೈಟ್ ಕತ್ತರಿಸುವ ಅಂಗಡಿಯವರನ್ನು ಕೇಳಿದರೆ ಅಡುಗೆಮನೆಯ ಕಟ್ಟೆಗೆ ಕೊಯ್ದು ಉಳಿದ ಚೂರುಗಳನ್ನೂ ಕೊಡುತ್ತಾರೆ. ಯಂತ್ರ ಕಲಿಯುವವರಿಗೆ ಅವು ಸಾಕಷ್ಟು ಒಳ್ಳೆಯವು.

ದೇವರಕಾಡಿನ ಕಲ್ಲು ತಂದರೆ ದೋಷವೇ?

ತರಬಾರದು ಎಂಬುದೇ ನನ್ನ ಉತ್ತರ, ಮತ್ತು ಇದರಲ್ಲಿ ನನಗೆ ಎರಡನೆಯ ಮಾತಿಲ್ಲ. ಸಾವಿರಕ್ಕೂ ಹೆಚ್ಚು ದೇವರಕಾಡುಗಳು ಕೊಡಗಿನಲ್ಲಿ ಉಳಿದು ಬಂದಿರುವುದು ಅಲ್ಲಿಂದ ಒಣ ಕಡ್ಡಿಯನ್ನೂ ತರಬಾರದೆಂಬ ಊರವರ ಕಟ್ಟುಪಾಡಿನಿಂದ. ಕಲ್ಲು ಆಯುವವರು ಆ ಕಟ್ಟುಪಾಡಿಗೆ ಹೊರಗಿನವರಲ್ಲ. ನಾಗಬನ, ಗುರುಕಾರೋಣರ (ಕುಲದ ಹಿರಿಯರ) ಗುಡಿಯಾದ ಕೈಮಡ, ತಲಕಾವೇರಿ ಮತ್ತು ಭಾಗಮಂಡಲದ ಸ್ನಾನಘಟ್ಟ, ಇಲ್ಲಿನ ಕಲ್ಲುಗಳನ್ನೂ ಮುಟ್ಟಬಾರದು. ಇನ್ನು, ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಪ್ರಾಚೀನ ಗೋರಿಗಳು ಕೊಡಗಿನ ಹಲವೆಡೆ ಇವೆ. ವೀರಗಲ್ಲುಗಳೂ ಇವೆ. ಅವುಗಳ ಸುತ್ತ ಬಿದ್ದ ಚೂರು ಕೂಡ ಇತಿಹಾಸದ ಸಾಕ್ಷಿ. ತೋಟದಲ್ಲಿ ಅಂಥದ್ದೇನಾದರೂ ಕಂಡರೆ ಅಲುಗಿಸದೆ ಪುರಾತತ್ತ್ವ ಇಲಾಖೆಗೆ ತಿಳಿಸುವುದು ಸರಿಯಾದ ಕ್ರಮ.

ನನಗೆ ಕೆಂಪು ಹರಳು ಸಿಕ್ಕಿದೆ. ಅದು ಮಾಣಿಕ್ಯವೇ?

ಬಹುತೇಕ ಅದು ಗಾರ್ನೆಟ್. ಗಾರ್ನೆಟ್ ಹರಳು ಸಾಮಾನ್ಯವಾಗಿ ಹಲವು ಮುಖಗಳಿರುವ ಚೆಂಡಿನಂತಿರುತ್ತದೆ, ಬಣ್ಣ ಕಂದುಗೆಂಪು. ಮಾಣಿಕ್ಯ ಕುರುಂದ ಜಾತಿಯದು, ಅದರ ಹರಳು ಆರು ಮೂಲೆಯ ಪೀಪಾಯಿಯಂತೆ ಅಥವಾ ಚಪ್ಪಟೆ ಬಿಲ್ಲೆಯಂತೆ ಇರುತ್ತದೆ. 1ರಿಂದ 10ರವರೆಗಿನ ಅಳತೆಯಲ್ಲಿ ಕುರುಂದದ ಗಡಸುತನ 9, ಗಾರ್ನೆಟ್‌ನದು 6.5ರಿಂದ 7.5. ಇಂಗ್ಲಿಷಿನವರ ಕೊರಂಡಮ್ ಎಂಬ ಹೆಸರು ಹುಟ್ಟಿದ್ದೇ ನಮ್ಮ ದ್ರಾವಿಡ ನುಡಿಗಳ ಈ ಕುರುಂದದಿಂದ. ದಕ್ಷಿಣ ಕರ್ನಾಟಕದಲ್ಲಿ ಕುರುಂದ ಸಿಗುವುದು ನಿಜ, ಆದರೆ ಒಡವೆಗೆ ಆಗುವಂಥ ತಿಳಿಯಾದ ಹರಳು ಅತ್ಯಂತ ವಿರಳ.

ಕೊಡಗು ಮತ್ತು ದಕ್ಷಿಣ ಕನ್ನಡದ ಗಡಿಯ ಕಾಡುಗಳಲ್ಲಿ ಹರಳು ಕಲ್ಲಿಗಾಗಿ ಕದ್ದು ಅಗೆಯುವ ದಂಧೆ ಎಷ್ಟೋ ಸಲ ಸುದ್ದಿಯಾಗಿದೆ. ತೊರೆಗಳ ದಡ ಬಗೆದು, ಮರದ ಬೇರು ಸಡಿಲಿಸಿ ಹೋದ ಗುಂಡಿಗಳು ಮಳೆಗಾಲದಲ್ಲಿ ಏನು ಮಾಡುತ್ತವೆಂಬುದನ್ನು ಗುಡ್ಡ ಕುಸಿದ ಊರಿನವರಿಗೆ ಹೇಳಿಕೊಡಬೇಕಿಲ್ಲ. ಯಾರಾದರೂ ಅಂಥ ಕಲ್ಲನ್ನು ಕಡಿಮೆ ಬೆಲೆಗೆ ಕೊಡುತ್ತೇನೆಂದರೆ ಕೊಳ್ಳಬೇಡಿ.

ಯಾವ ತಿಂಗಳು ಒಳ್ಳೆಯದು?

ಕಾಫಿ ಕೊಯ್ಲು ಮುಗಿಯುತ್ತ ಬಂದು ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಹೊತ್ತು, ಅಂದರೆ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಒಂದು ಮಳೆ ಬಿದ್ದು ಮಣ್ಣು ತೊಳೆದ ಮರುದಿನದ ಬೆಳಿಗ್ಗೆ ಓರೆಬಿಸಿಲಿನಲ್ಲಿ ತೋಟದ ದಾರಿಯಲ್ಲಿ ನಡೆದರೆ ಬೆಣಚಿನ ಚೂರುಗಳು ತಾವಾಗಿಯೇ ಮಿನುಗಿ ಕಾಣಿಸುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆ, ತೊರೆ, ಗುಡ್ಡದ ಕಡೆ ಹೋಗಬೇಡಿ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡಗಳು ಕುಸಿದ ನಂತರ ಹೊಸದಾಗಿ ತೆರೆದ ಮಣ್ಣಿನ ಗೋಡೆಗಳಲ್ಲಿ ಕಲ್ಲು ಹುಡುಕಲು ಹೋಗಬಹುದೇ ಎಂದು ಕೇಳಿದವರಿದ್ದಾರೆ. ಹೋಗಬಾರದು. ಕುಸಿದ ಗುಡ್ಡ ಮತ್ತೆ ಕುಸಿಯುತ್ತದೆ. ಅಲ್ಲಿ ಮನೆ, ಮನೆಯವರನ್ನು ಕಳೆದುಕೊಂಡವರಿದ್ದಾರೆ ಎಂಬುದನ್ನೂ ಮರೆಯಬಾರದು.

ಮಳೆಗಾಲ ಯಂತ್ರದ ಕಾಲ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಹೊರಗೆ ಕಾಲಿಡಲಾಗದ ದಿನಗಳಲ್ಲಿ, ಬೇಸಗೆಯಲ್ಲಿ ಆಯ್ದಿಟ್ಟ ಕಲ್ಲುಗಳನ್ನು ಉರುಳಿಸುತ್ತ ಕೂರಬಹುದು.

ಹೋಗುವಾಗ ಏನೇನು ಇರಬೇಕು?

ದಪ್ಪ ಅಟ್ಟೆಯ ಬೂಟು, ಕೈಗವಸು, ಗಟ್ಟಿ ಬಟ್ಟೆಯ ಚೀಲ, ಹತ್ತು ಮಡಿ ದೊಡ್ಡದಾಗಿ ತೋರಿಸುವ ಪುಟ್ಟ ಭೂತಗನ್ನಡಿ, ಒಂದು ಬಾಟಲಿ ನೀರು, ಹಳೆಯ ಪತ್ರಿಕೆ, ಪೆನ್ಸಿಲ್. ಕಲ್ಲು ಒಡೆಯಲೇಬೇಕಿದ್ದರೆ ಅದಕ್ಕೆಂದೇ ಮಾಡಿದ ಸುತ್ತಿಗೆ ಬಳಸಿ, ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಳ್ಳಿ. ಮೊಳೆ ಹೊಡೆಯುವ ಬಡಗಿಯ ಸುತ್ತಿಗೆಯಿಂದ ಬೆಣಚು ಒಡೆದರೆ ಉಕ್ಕಿನ ಚೂರೇ ಸಿಡಿಯುವ ಅಪಾಯವಿದೆ. ಆನೆ ಓಡಾಡುವ ತೋಟಗಳಲ್ಲಿ ಬೆಳಿಗ್ಗೆ ಬೇಗ ಮತ್ತು ಸಂಜೆ ಒಬ್ಬರೇ ಬಗ್ಗಿ ನಡೆಯುವುದು ಬೇಡ. ನೆಲ ನೋಡುತ್ತ ನಡೆಯುವವರಿಗೆ ಎದುರು ಬಂದದ್ದು ಕಾಣುವುದಿಲ್ಲ.

ಯಂತ್ರಕ್ಕೆ ಹಾಕಲು ತಕ್ಕ ಕಲ್ಲನ್ನು ಗುರುತಿಸುವುದು ಹೇಗೆ?

ಜರ್ಮನಿಯ ಫ್ರೀಡ್ರಿಕ್ ಮೋಸ್ 1812ರಲ್ಲಿ ಖನಿಜಗಳ ಗಡಸುತನಕ್ಕೆ 1ರಿಂದ 10ರವರೆಗಿನ ಒಂದು ಅಳತೆಗೋಲು ಮಾಡಿದರು. ಬಳಪದ ಕಲ್ಲಿನ ಮುಖ್ಯ ಖನಿಜವಾದ ಟಾಲ್ಕ್ 1, ಕ್ಯಾಲ್ಸೈಟ್ 3, ಫೆಲ್ಡ್‌ಸ್ಪಾರ್ 6, ಬೆಣಚು 7, ಕುರುಂದ 9, ವಜ್ರ 10. ಚಾಕುವಿನ ಮೊನೆಯಿಂದ ಗೀರಿದಾಗ ಕಲ್ಲಿನ ಮೇಲೆ ಗಾಯವಾದರೆ ಅದು ಸುಮಾರು 5ಕ್ಕಿಂತ ಮೆದು, ಅದನ್ನು ಬಿಟ್ಟುಬಿಡಿ. ಗಾಯವಾಗದೆ ಚಾಕುವಿನ ಉಕ್ಕೇ ಬೂದು ಗೆರೆಯಾಗಿ ಕಲ್ಲಿಗೆ ಮೆತ್ತಿಕೊಂಡರೆ, ಮತ್ತು ಆ ಕಲ್ಲು ಗಾಜನ್ನು ಸಲೀಸಾಗಿ ಗೀರಿದರೆ ಅದು ಕೆಲಸಕ್ಕೆ ಬರುತ್ತದೆ.

ಬೆಣಚು ಮತ್ತು ಫೆಲ್ಡ್‌ಸ್ಪಾರ್ ಎರಡೂ ಬೆಳ್ಳಗಿದ್ದಾಗ ಗೊಂದಲವಾಗುತ್ತದೆ. ಒಡೆದ ಮುಖವನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿ. ಫೆಲ್ಡ್‌ಸ್ಪಾರ್ ಆದರೆ ಮೆಟ್ಟಿಲಿನಂಥ ಸಮತಟ್ಟು ಮುಖಗಳು ಒಂದು ಕೋನದಲ್ಲಿ ಕನ್ನಡಿಯಂತೆ ಒಮ್ಮೆಗೇ ಮಿಂಚಿ ಮಾಯವಾಗುತ್ತವೆ. ಬೆಣಚಿಗೆ ಅಂಥ ಮುಖಗಳಿಲ್ಲ, ಅದು ಒಡೆದ ಗಾಜಿನ ಅಂಚಿನಂತೆ, ಚಿಪ್ಪಿನ ಒಳಮೈಯಂತೆ ಬಾಗಿ ಒಡೆಯುತ್ತದೆ.

ಗಡಸುತನದಷ್ಟೇ ಮುಖ್ಯ ಬಿರುಕಿಲ್ಲದಿರುವುದು. ಕಲ್ಲನ್ನು ನೀರಿನಲ್ಲಿ ಅದ್ದಿ ತೆಗೆದು ಒಣಗಲು ಬಿಡಿ. ಮೇಲ್ಮೈ ಒಣಗಿದ ಮೇಲೂ ಒದ್ದೆಯ ಕಪ್ಪು ಗೆರೆ ಉಳಿದರೆ ಅಲ್ಲಿ ಬಿರುಕಿದೆ, ಅದು ಯಂತ್ರದಲ್ಲಿ ಅಲ್ಲಿಯೇ ಒಡೆಯುತ್ತದೆ. ಇನ್ನೊಂದು ಮಾತು: ಒದ್ದೆಯಾಗಿದ್ದಾಗ ಕಲ್ಲು ಹೇಗೆ ಕಾಣುತ್ತದೋ ಹೊಳಪು ಬಂದ ಮೇಲೆ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. ನೀರಿನ ಬಾಟಲಿ ಕುಡಿಯುವುದಕ್ಕೆ ಮಾತ್ರವಲ್ಲ ಎಂಬುದು ಇದಕ್ಕೇ.

ಕಾಗೆಬಂಗಾರ ಹೆಚ್ಚಿರುವ ನೈಸ್ ಕಲ್ಲು ನೋಡಲು ಬಲು ಚೆಂದ, ಆದರೆ ಮೆದುವಾದ ಪದರಗಳು ಬೇಗ ಸವೆದು ಮೈತುಂಬ ಗುಳಿ ಬೀಳುತ್ತವೆ. ಅಂಥದ್ದನ್ನು ಉರುಳಿಸದೆ ಇದ್ದಂತೆಯೇ ಕಪಾಟಿನಲ್ಲಿ ಇಡುವುದು ಅದಕ್ಕೆ ತೋರುವ ಮರ್ಯಾದೆ.

ಟಂಬ್ಲರ್ ಕೊಳ್ಳಬೇಕೇ, ಮನೆಯಲ್ಲಿಯೇ ಮಾಡಿಕೊಳ್ಳಬಹುದೇ?

ಎರಡೂ ಆಗುತ್ತದೆ. ಒಂದೂವರೆ ಕಿಲೋ ತೂಕ ಹಿಡಿಯುವ ರಬ್ಬರ್ ಡಬ್ಬಿಯ ಯಂತ್ರ ಆರಂಭಕ್ಕೆ ಸಾಕು. ತೀರ ಅಗ್ಗದ, ಮಕ್ಕಳ ಆಟಿಕೆಯಂತೆ ಮಾರುವ ಪ್ಲಾಸ್ಟಿಕ್ ಡಬ್ಬಿಯ ಯಂತ್ರಗಳು ವಿಪರೀತ ಸದ್ದು ಮಾಡುತ್ತವೆ ಮತ್ತು ಬೆಲ್ಟ್ ಬೇಗ ಕಿತ್ತುಹೋಗುತ್ತದೆ. ಮನೆಯಲ್ಲಿ ಮಾಡುವವರು ಎರಡು ಸರಳುಗಳನ್ನು ಬೇರಿಂಗ್ ಮೇಲೆ ಕೂರಿಸಿ, ಒಂದನ್ನು ನಿಧಾನಗತಿಯ ಮೋಟರಿಗೆ ಜೋಡಿಸಿ, ಮೇಲೆ ದಪ್ಪ ಪಿವಿಸಿ ಪೈಪಿನ ಡಬ್ಬಿ ಇಡುತ್ತಾರೆ. ಒಳಗೆ ಲಾರಿ ಟ್ಯೂಬಿನ ರಬ್ಬರ್ ಹೊದಿಸಿದರೆ ಸದ್ದು ತಗ್ಗುತ್ತದೆ, ಕಲ್ಲು ಜಜ್ಜುವುದೂ ಕಡಿಮೆ. ಹತ್ತರಿಂದ ಹದಿನೈದು ಸೆಂಟಿಮೀಟರ್ ಅಗಲದ ಡಬ್ಬಿ ನಿಮಿಷಕ್ಕೆ 40ರಿಂದ 60 ಸುತ್ತು ತಿರುಗಿದರೆ ಸರಿ. ಅದಕ್ಕಿಂತ ಜೋರಾದರೆ ಕಲ್ಲುಗಳು ಜಾರುವ ಬದಲು ಮೇಲಿಂದ ಬಿದ್ದು ಒಡೆಯುತ್ತವೆ. 25 ವಾಟ್‌ನ ಮೋಟರು ಇಡೀ ದಿನ ತಿರುಗಿದರೂ ಆಗುವ ಖರ್ಚು 0.6 ಯೂನಿಟ್, ತಿಂಗಳಿಗೆ 18 ಯೂನಿಟ್.

ಉರುಳಿಸುವ ಹಂತಗಳು ಯಾವುವು?

ನಾಲ್ಕು ಹಂತಗಳಿವೆ, ಒಂದೊಂದಕ್ಕೂ ಸುಮಾರು ಏಳು ದಿನ. ಮೊದಲನೆಯದಕ್ಕೆ 60/90 ನಂಬರಿನ ದೊರಗು ಸಿಲಿಕಾನ್ ಕಾರ್ಬೈಡ್ ಪುಡಿ, ಎರಡನೆಯದಕ್ಕೆ 120/220, ಮೂರನೆಯದಕ್ಕೆ 500ರ ಆಸುಪಾಸಿನ ನಯವಾದ ಪುಡಿ, ಕೊನೆಗೆ ಹೊಳಪಿಗೆ ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಸೀರಿಯಂ ಆಕ್ಸೈಡ್. ನಂಬರು ಹೆಚ್ಚಿದಷ್ಟು ಪುಡಿ ನಯ.

ಡಬ್ಬಿಯ ಮುಕ್ಕಾಲು ಭಾಗದಷ್ಟು ಕಲ್ಲು ತುಂಬಬೇಕು, ದೊಡ್ಡವು ಮತ್ತು ಚಿಕ್ಕವು ಕಲೆತಿರಬೇಕು. ಒಂದೂವರೆ ಕಿಲೋ ಡಬ್ಬಿಗೆ ನಾಲ್ಕು ದೊಡ್ಡ ಚಮಚ ಪುಡಿ ಹಾಕಿ, ಮೇಲಿನ ಕಲ್ಲುಗಳ ಬುಡ ಮುಟ್ಟುವಷ್ಟು ಮಾತ್ರ ನೀರು ಹೊಯ್ಯಬೇಕು. ನೀರು ಹೆಚ್ಚಾದರೆ ಪುಡಿ ತಳದಲ್ಲಿ ಉಳಿದು ಕೆಲಸ ಮಾಡುವುದಿಲ್ಲ. ಒಂದೇ ಗಡಸುತನದ ಕಲ್ಲುಗಳನ್ನೇ ಒಟ್ಟಿಗೆ ಹಾಕಬೇಕು, ಇಲ್ಲವಾದರೆ ಬೆಣಚು ತನ್ನ ಪಕ್ಕದ ಮೆದು ಕಲ್ಲನ್ನು ತಿಂದುಹಾಕುತ್ತದೆ. ಹಂತ ಬದಲಿಸುವಾಗ ಡಬ್ಬಿ, ಮುಚ್ಚಳ, ಕಲ್ಲು ಎಲ್ಲವನ್ನೂ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆಯಬೇಕು. ಹಿಂದಿನ ಹಂತದ ಒಂದು ಚಿಟಿಕೆ ದೊರಗು ಪುಡಿ ಮುಂದಿನ ಹಂತಕ್ಕೆ ದಾಟಿದರೆ ಇಡೀ ವಾರದ ಕೆಲಸ ಹಾಳಾಗುತ್ತದೆ. ಹೊಳಪಿನ ಹಂತಕ್ಕೆ ಬೇರೆಯೇ ಡಬ್ಬಿ ಇಟ್ಟುಕೊಳ್ಳುವುದು ಇದಕ್ಕಾಗಿಯೇ. ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ನೋಡಿ, ಕೆಲವು ಕಲ್ಲುಗಳಿಂದ ಅನಿಲ ಹುಟ್ಟಿ ಡಬ್ಬಿ ಉಬ್ಬುವುದುಂಟು.

ಮೊದಲ ಹಂತಕ್ಕೆ ನಿಜವಾಗಿ ಎಷ್ಟು ದಿನ ಬೇಕು?

ಏಳು ದಿನವೆಂದು ಹಲವು ಯಂತ್ರಗಳ ಜೊತೆ ಬರುವ ಚೀಟಿಯಲ್ಲಿ ಬರೆದಿರುತ್ತದೆ. ಕ್ಯಾಲೆಂಡರ್ ನೋಡಿ ಹಂತ ಬದಲಿಸಬಾರದು, ಕಲ್ಲು ನೋಡಿ ಬದಲಿಸಬೇಕು. ಹೊಸಬರಿಗೆ ನಾನು ಒಂದೇ ಒಂದು ಮಾತು ಹೇಳಲು ಅವಕಾಶವಿದ್ದರೆ ಇದನ್ನೇ ಹೇಳುತ್ತೇನೆ. ಕಲ್ಲಿನ ಆಕಾರ ತಿದ್ದುವುದು, ಗುಳಿ ತೆಗೆಯುವುದು, ಅಂಚು ಮುರಿಯುವುದು ಎಲ್ಲವೂ ಮೊದಲ ಹಂತದ ಕೆಲಸ. ಅಲ್ಲಿ ಉಳಿದ ಕುಂದನ್ನು ಮುಂದಿನ ಯಾವ ಹಂತವೂ ಸರಿಪಡಿಸುವುದಿಲ್ಲ, ಹೊಳಪು ಬಂದಾಗ ಅದು ಇನ್ನೂ ಎದ್ದು ಕಾಣುತ್ತದೆ.

ನಮ್ಮ ತೋಟದ ಹಾಲುಬಿಳಿ ಬೆಣಚು ಮೊದಲ ಹಂತದಲ್ಲಿಯೇ ಮೂರರಿಂದ ಐದು ವಾರ ತೆಗೆದುಕೊಂಡಿದೆ. ನಾನು ವಾರಕ್ಕೊಮ್ಮೆ ಡಬ್ಬಿ ತೆರೆದು, ಕಲ್ಲುಗಳನ್ನು ತೊಳೆದು ಗೋಣಿಚೀಲದ ಮೇಲೆ ಹರಡುತ್ತೇನೆ. ಒಂದೊಂದನ್ನೂ ಒಣಗಿಸಿ ಹೆಬ್ಬೆರಳಿನ ಉಗುರನ್ನು ಮೈಮೇಲೆ ಆಡಿಸುತ್ತೇನೆ. ಉಗುರು ಎಲ್ಲಿಯೂ ಸಿಕ್ಕಿಕೊಳ್ಳದಿದ್ದರೆ ಅದು ಮುಂದಿನ ಹಂತದ ಪಾತ್ರೆಗೆ, ಸಿಕ್ಕಿಕೊಂಡರೆ ಹೊಸ ಪುಡಿಯೊಂದಿಗೆ ಮತ್ತೆ ಅದೇ ಡಬ್ಬಿಗೆ. ಒಂದು ಗುಂಪಿನಲ್ಲಿ ಮೊದಲ ವಾರಕ್ಕೆ ಪಾಸಾಗುವುದು ನಾಲ್ಕೈದು ಕಲ್ಲು. ಡಬ್ಬಿ ತುಂಬುವಷ್ಟು ಪಾಸಾದವು ಸೇರುವವರೆಗೆ ಎರಡನೆಯ ಹಂತ ಶುರುಮಾಡುವುದಿಲ್ಲ. ಇಷ್ಟರಲ್ಲಿ ಕಲ್ಲು ಕಾಲು ಭಾಗದಷ್ಟು ತೂಕ ಕಳೆದುಕೊಂಡಿರುತ್ತದೆ, ಅದಕ್ಕೆ ಮರುಗಬೇಕಿಲ್ಲ.

ಮಳೆಗಾಲದಲ್ಲಿ ಕರೆಂಟು ಹೋದರೆ ಏನು ಮಾಡಬೇಕು?

ಒಂದೆರಡು ಗಂಟೆ ಹೋದರೆ ಚಿಂತೆಯಿಲ್ಲ. ಹೆಚ್ಚು ಹೊತ್ತಾದರೆ ಡಬ್ಬಿಯೊಳಗಿನ ಪುಡಿ ಮತ್ತು ಸವೆದ ಕಲ್ಲಿನ ಕೆಸರು ತಳಕ್ಕೆ ಇಳಿದು ಗಟ್ಟಿಯಾಗತೊಡಗುತ್ತದೆ. ಒಂದು ಜುಲೈನಲ್ಲಿ ಮರ ಬಿದ್ದು ತಂತಿ ಹರಿದು ನಮ್ಮಲ್ಲಿ ಮೂರು ದಿನ ಕರೆಂಟು ಇರಲಿಲ್ಲ. ಡಬ್ಬಿಯ ನೆನಪೇ ನನಗೆ ಆಗಲಿಲ್ಲ. ನಾಲ್ಕನೆಯ ದಿನ ತೆರೆದಾಗ ಒಳಗೆ ಬೂದು ಬಣ್ಣದ ಸಿಮೆಂಟಿನಂಥ ಗಟ್ಟಿ, ಅದರಲ್ಲಿ ಅರ್ಧ ಮುಳುಗಿದ ಕಲ್ಲುಗಳು. ಮರದ ಚಮಚದ ಹಿಡಿಯಿಂದ ಕೆರೆದು, ಬೆಚ್ಚನೆಯ ನೀರು ಹೊಯ್ದು ನೆನೆಸಿ, ಒಂದು ಮಧ್ಯಾಹ್ನವೆಲ್ಲ ಬಿಡಿಸಿದೆ. ರಬ್ಬರಿಗೆ ಗಾಯವಾದೀತೆಂದು ಕಬ್ಬಿಣದ ಸಲಕರಣೆ ಮುಟ್ಟಿಸಲಿಲ್ಲ.

ಆ ಮೇಲೆ ನಾನು ಪಾಲಿಸುವ ಕ್ರಮ ಇದು: ಕರೆಂಟು ಹೋಗಿ ಅರ್ಧ ದಿನ ಕಳೆದರೆ ಡಬ್ಬಿಯನ್ನು ಗಂಟೆಗೊಮ್ಮೆ ಕೈಯಿಂದ ಹತ್ತಾರು ಸಲ ಉರುಳಿಸುವುದು, ರಾತ್ರಿಯವರೆಗೂ ಬರದಿದ್ದರೆ ತೆರೆದು ಕಲ್ಲುಗಳನ್ನು ತೊಳೆದು ಬಕೆಟ್ಟಿನ ನೀರಿನಲ್ಲಿ ಇಟ್ಟುಬಿಡುವುದು. ಇನ್ವರ್ಟರ್ ಇರುವ ಮನೆಗಳಲ್ಲಿ ಸಣ್ಣ ಮೋಟರನ್ನು ಅದಕ್ಕೆ ಜೋಡಿಸಬಹುದು.

ಹೊಳಪು ಬರಲಿಲ್ಲ, ಏಕೆ?

ಹತ್ತರಲ್ಲಿ ಎಂಟು ಸಲ ಕಾರಣ ಮೂರನೆಯ ಹಂತವನ್ನು ಅವಸರದಲ್ಲಿ ಮುಗಿಸಿದ್ದು ಅಥವಾ ತೊಳೆಯುವುದರಲ್ಲಿ ಅಜಾಗ್ರತೆ. ಮೂರನೆಯ ಹಂತ ಮುಗಿದಾಗ ಒಣಗಿದ ಕಲ್ಲು ರೇಷ್ಮೆಯಂತೆ ನಯವಾಗಿದ್ದು, ಕಿಟಕಿಯ ಬೆಳಕು ಅದರ ಮೇಲೆ ಮಸುಕಾಗಿಯಾದರೂ ಕಾಣಬೇಕು. ಕಾಣದಿದ್ದರೆ ಹೊಳಪಿನ ಪುಡಿ ಹಾಕಿ ಪ್ರಯೋಜನವಿಲ್ಲ. ಅಂಚುಗಳಲ್ಲಿ ಬಿಳಿಯ ಜಜ್ಜಿದ ಗುರುತುಗಳಿದ್ದರೆ ಡಬ್ಬಿಯಲ್ಲಿ ಕಲ್ಲು ಕಡಿಮೆಯಾಗಿದೆ ಎಂದರ್ಥ. ಸೆರಾಮಿಕ್ ಅಥವಾ ಪ್ಲಾಸ್ಟಿಕ್ ಗುಳಿಗೆಗಳನ್ನು ಸೇರಿಸಿ ತುಂಬಿಸಿ. ಕೊನೆಯಲ್ಲಿ ಸಾಬೂನಿನ ತುರಿ ಹಾಕಿದ ನೀರಿನಲ್ಲಿ ಕೆಲವು ಗಂಟೆ ಉರುಳಿಸಿದರೆ ಅಂಟಿಕೊಂಡ ಪುಡಿ ಬಿಟ್ಟು ಕಲ್ಲು ತಿಳಿಯಾಗುತ್ತದೆ. ಎಣ್ಣೆ, ವಾರ್ನಿಷ್ ಬಳಿದು ಹೊಳಪು ತರಿಸುವುದನ್ನು ನಾನು ಒಪ್ಪುವುದಿಲ್ಲ.

ಕೆಸರನ್ನು ಎಲ್ಲಿ ಚೆಲ್ಲಬೇಕು?

ಸಿಂಕಿಗೆ ಎಂದೂ ಬೇಡ, ಪೈಪಿನ ಬಾಗಿನಲ್ಲಿ ಅದು ಗಟ್ಟಿಯಾಗಿ ಕೂರುತ್ತದೆ. ತೊರೆಗೆ, ಗದ್ದೆಯ ಕಾಲುವೆಗೆ ಬೇಡವೇ ಬೇಡ. ಬಕೆಟ್ಟಿನಲ್ಲಿ ಒಂದು ದಿನ ಇಟ್ಟು, ಮೇಲಿನ ತಿಳಿನೀರನ್ನು ಮನೆಯ ಹಿಂದೆ ಗಿಡವಿಲ್ಲದ ಕಡೆ ಹೊಯ್ದು, ತಳದ ಗಟ್ಟಿಯನ್ನು ಒಣಗಿಸಿ ಕಸದೊಂದಿಗೆ ಕಳಿಸಿ ಅಥವಾ ಗುಂಡಿಯಲ್ಲಿ ಹೂಳಿ.

ಇದರಿಂದ ಆರೋಗ್ಯಕ್ಕೆ ತೊಂದರೆಯಿದೆಯೇ?

ಕಲ್ಲನ್ನು ಒದ್ದೆಯಾಗಿಟ್ಟು ಕೆಲಸ ಮಾಡಿದರೆ ಇಲ್ಲ. ಬೆಣಚು, ಗ್ರಾನೈಟುಗಳ ಒಣ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಸೇರಿದರೆ ಸಿಲಿಕೋಸಿಸ್ ಎಂಬ, ಗುಣಪಡಿಸಲಾಗದ ರೋಗ ಬರುತ್ತದೆ. ಕಲ್ಲುಕ್ವಾರಿಗಳಲ್ಲಿ ದುಡಿದವರು ಇದರಿಂದ ನರಳಿದ್ದಾರೆ. ಆದ್ದರಿಂದ ಗ್ರೈಂಡರ್ ಹಿಡಿದು ಒಣ ಕಲ್ಲು ಕೊಯ್ಯಬಾರದು, ಒಣಗಿದ ಕೆಸರನ್ನು ಗುಡಿಸಬಾರದು, ನೀರು ಚಿಮುಕಿಸಿ ಒರೆಸಬೇಕು.

ಮಕ್ಕಳಿಗೆ ಕಲಿಸಬಹುದೇ?

ಖಂಡಿತ ಕಲಿಸಬಹುದು. ಆಯುವುದು, ತೊಳೆಯುವುದು, ಗಡಸುತನ ನೋಡುವುದು ಅವರ ಕೆಲಸವಾಗಲಿ, ಸುತ್ತಿಗೆ ಮತ್ತು ಪುಡಿ ದೊಡ್ಡವರ ಕೈಯಲ್ಲಿರಲಿ. ವಾರಕ್ಕೊಮ್ಮೆ ಡಬ್ಬಿ ತೆರೆಯುವಾಗ ಅವರು ಎದುರಿಗಿರಬೇಕು.

ಮಾರಿ ಹಣ ಮಾಡಬಹುದೇ?

ಇಲ್ಲ. ಹೊಳಪಿನ ಬೆಣಚು ಪೇಟೆಯಲ್ಲಿ ಕಿಲೋ ಲೆಕ್ಕದಲ್ಲಿ ಅಗ್ಗವಾಗಿ ಸಿಗುತ್ತದೆ.

ಕಲ್ಲಿನ ವಿವರ ಬರೆದಿಡಬೇಕೇ?

ಬರೆದಿಡಲೇಬೇಕು. ಎಲ್ಲಿಯದೆಂದು ತಿಳಿಯದ ಕಲ್ಲು ನನ್ನ ದೃಷ್ಟಿಯಲ್ಲಿ ಅಲಂಕಾರದ ವಸ್ತು ಮಾತ್ರ. ಆಯ್ದ ಜಾಗ, ದಿನ, ಎಷ್ಟು ಆಳದಲ್ಲಿ ಅಥವಾ ಯಾವ ಮಣ್ಣಿನಲ್ಲಿ ಇತ್ತು, ಸುತ್ತಲಿನ ಬಂಡೆ ಯಾವುದು, ಯಾರ ಒಪ್ಪಿಗೆ ಪಡೆದಿರಿ, ಇಷ್ಟನ್ನು ಅಂದೇ ಬರೆಯಿರಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಭೂಕೋಶ್ ಜಾಲತಾಣದಲ್ಲಿ ಭೂವಿಜ್ಞಾನದ ನಕ್ಷೆಗಳು ಉಚಿತವಾಗಿ ಸಿಗುತ್ತವೆ, ನಿಮ್ಮ ಊರಿನ ಅಡಿಯಲ್ಲಿ ಯಾವ ಶಿಲೆಯಿದೆ ಎಂದು ಅದರಲ್ಲಿ ನೋಡಿ ಸೇರಿಸಬಹುದು. ಪ್ರತಿ ಗುಂಪಿನಲ್ಲಿ ಒಂದು ಕಲ್ಲನ್ನು ಯಂತ್ರಕ್ಕೆ ಹಾಕದೆ ಇದ್ದ ಹಾಗೆಯೇ ಉಳಿಸಿ, ಹೊಳಪಿನ ಕಲ್ಲಿನ ಪಕ್ಕದಲ್ಲಿಡಿ.

ನನ್ನ ಮೇಜಿನ ಮೇಲಿರುವ ಅಂಥ ಒಂದು ಜೋಡಿಯ ಚೀಟಿ ಹೀಗಿದೆ: "ಜೇನುಬಣ್ಣದ ಬೆಣಚು. ನಮ್ಮ ತೋಟ, ಮೇಲಿನ ತೊಟ್ಟಿಲು ಗುಂಡಿ, ಎರಡು ಅಡಿ ಆಳ, ಕೆಂಪು ಮಣ್ಣು. ಮಾರ್ಚ್, ಹೂಮಳೆಯ ಮರುದಿನ. ಮೊದಲ ಹಂತ 31 ದಿನ." ಹೊಳಪಿನ ಕಲ್ಲನ್ನು ಕಿಟಕಿಗೆ ಹಿಡಿದರೆ ಒಳಗೆ ಕೂದಲೆಳೆಯಷ್ಟು ತೆಳುವಾದ ಕೆಂಪು ಗೆರೆಯೊಂದು ಕಾಣುತ್ತದೆ, ಯಾವುದೋ ಕಾಲದಲ್ಲಿ ಬಿರುಕಿನೊಳಗೆ ಇಳಿದು ಅಲ್ಲಿಯೇ ಉಳಿದ ಕಬ್ಬಿಣ. ಪಕ್ಕದಲ್ಲಿರುವ ಒರಟು ಕಲ್ಲಿನಲ್ಲಿಯೂ ಆ ಗೆರೆ ಇರಬಹುದು, ಹೊರಗಿನಿಂದ ಅದು ಕಾಣುವುದಿಲ್ಲ.